ನಾನೇ ಹೊಲಿದ ಪಡದೆ

ಪಡದೆ ಬಿದ್ದಾಗ ನಾನು ನಿಂತದ್ದು ನೀಲವ್ವನ ಅಂಗಡಿಯ ಹೊಸ್ತಿಲಲ್ಲಿ. ಎಡಗಾಲು ಒಳಗೆ, ಬಲಗಾಲು ಹೊರಗೆ. ಊರು ವಿಜಾಪುರ; ಓಣಿ, ನಾವು ‘ಅರಿವಿ ಸಾಲು’ ಎಂದು ಕರೆಯುತ್ತಿದ್ದ ಬಟ್ಟೆ ಅಂಗಡಿಗಳ ಓಣಿ. ೧೯೬೪ರ ವಿಜಯದಶಮಿ, ಬೆಳಗಿನ ಹತ್ತು ಗಂಟೆಗೆ ಸ್ವಲ್ಪ ಮೊದಲು. ನಸುಕಿನಲ್ಲಿ ಮಳೆ ಬಂದು ನಿಂತಿತ್ತು. ಹೊಸದಾಗಿ ಹಾಕಿದ ಡಾಂಬರಿನ ಮೇಲೆ ಅಲ್ಲಲ್ಲಿ ನೀರಿತ್ತು. ಎದುರಿಗೆ, ರಸ್ತೆಯ ಆ ಬದಿಗೆ, ಹದಿನೆಂಟು ಹೆಜ್ಜೆ ದೂರದಲ್ಲಿ ಚನಬಸಪ್ಪ ಕಾಕಾನ ಅಂಗಡಿ. ಎಷ್ಟು ಹೆಜ್ಜೆ ಎಂದು ಆಮೇಲೆ ನಡೆದು ಎಣಿಸಿದ್ದೇನೆ. ಅಷ್ಟು ದೂರದಿಂದ ಹೊಲಿಗೆಯ ದಾರದ ಬಣ್ಣ ಕಾಣುತ್ತದೆಯೇ ಎಂದು ಮುಂದೆ ನನ್ನನ್ನು ಕೇಳಿದವರಿದ್ದಾರೆ. ಕಾಣುತ್ತದೆ. ಹೊಲಿದವನಿಗೆ ಕಾಣುತ್ತದೆ.

ಇಷ್ಟು ವರ್ಷ ಇದನ್ನು ಬರೆದಿರಲಿಲ್ಲ. ಈಗ ಬರೆಯಲು ಕಾರಣ ಒಂದು ವಾಸನೆ. ಹೋದ ಯುಗಾದಿ ಕಳೆದ ಮೇಲೆ ಕನ್ನಡಕ ತರಲು ತಿಕೋಟಾದಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿದ್ದೆ. ಹೊಸ ಕನ್ನಡಕ ಹಾಕಿಕೊಂಡು ಆ ಓಣಿಯನ್ನೊಮ್ಮೆ ನೋಡೋಣವೆನಿಸಿತು. ಈಗ ಅಲ್ಲಿ ಎಲ್ಲ ಗಾಜಿನ ಮಳಿಗೆಗಳು. ಒಂದರ ಮುಂದೆ ನಿಂತೆ. ಬಾಗಿಲು ತಾನಾಗಿಯೇ ತೆರೆಯಿತು. ಒಳಗಿನಿಂದ ತಣ್ಣನೆಯ ಗಾಳಿ, ಅದರೊಂದಿಗೆ ಹೊಸ ಬಟ್ಟೆಯ ಗಂಜಿಯ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಧೂಳು. ನಾನು ಕದಲಲಿಲ್ಲ. ಬಾಗಿಲು ಮುಚ್ಚಲು ಬರುವುದು, ನನ್ನನ್ನು ಕಂಡು ಮತ್ತೆ ತೆರೆಯುವುದು, ಹೀಗೆ ನಾಲ್ಕೈದು ಸಲ ಆಯಿತು.

“ಅಜ್ಜಾರ, ಒಳಗರ ಬರ್ರಿ, ಹೊರಗರ ನಿಲ್ರಿ,” ಎಂದ ಕಾವಲಿನವನು. “ಬಾಗಿಲದ ತಲಿ ಕೆಡಸಾಕತ್ತೀರಿ.”

“ಇಲ್ಲೊಂದು ಕಟ್ಟಿ ಇತ್ತಪಾ,” ಎಂದೆ.

“ಕಟ್ಟಿ ಗಿಟ್ಟಿ ಏನೂ ಇಲ್ರಿ. ಕೂಡಬೇಕಂದ್ರ ಮ್ಯಾಲಿನ ಮಾಳಗ್ಯಾಗ ಕುರ್ಚಿ ಅದಾವ.”

ನಾನು ನಿಂತಿದ್ದ ಜಾಗದಲ್ಲೇ ಐದು ವರ್ಷ ನನ್ನ ಹೊಲಿಗೆ ಮಷಿನ್ ಇತ್ತು.

ನಾನು ಘೋಣಸಗಿಯವನು. ಹೆಸರು ಭೀಮಪ್ಪ. ಅಪ್ಪ ಕೂಲಿಗೆ ಹೋಗುತ್ತಿದ್ದ. ಮನೆಯ ಗೋಡೆಯ ಮಾಡದಲ್ಲಿ ಬುದ್ಧನ ಪಟ ತಂದಿಟ್ಟ ವರ್ಷವೇ, ಇವನು ಕೂಲಿ ಮಾಡುವುದು ಬೇಡ ಎಂದು ನನ್ನನ್ನು ಸೊಲ್ಲಾಪುರದ ಸೋದರಮಾವನ ಹತ್ತಿರ ಹೊಲಿಗೆ ಕಲಿಯಲು ಕಳಿಸಿದ. ಕಲಿತು, ೧೯೫೯ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಮಾವನ ಒಂದು ಹಳೆಯ ಮಷಿನ್ ಹೊತ್ತುಕೊಂಡು ವಿಜಾಪುರಕ್ಕೆ ಬಂದೆ. ಆಗ ಟೇಲರನಿಗೆ ಬೇರೆ ಅಂಗಡಿ ಎಂಬುದಿರಲಿಲ್ಲ. ಬಟ್ಟೆ ಅಂಗಡಿಯ ಮುಂದಿನ ಕಟ್ಟೆಯೇ ಅವನ ಅಂಗಡಿ. ಒಳಗೆ ಬಟ್ಟೆ ಹರಿಸಿಕೊಂಡವರು ಹೊರಗೆ ಬಂದು ಕಟ್ಟೆಯ ಮೇಲೆ ಅಳತೆ ಕೊಡುತ್ತಿದ್ದರು. ಕಟ್ಟೆ ಇಲ್ಲದ ಟೇಲರನಿಗೆ ಕೆಲಸವಿಲ್ಲ.

ಏಳು ಅಂಗಡಿಗಳಲ್ಲಿ ಕಟ್ಟೆ ಕೇಳಿದೆ. ಏಳೂ ಕಡೆ ಮೂರು ಪ್ರಶ್ನೆ: ಹೆಸರೇನು, ಯಾವೂರು, ಯಾರ ಪೈಕಿ. ಮೂರನೆಯದಕ್ಕೆ ಉತ್ತರ ಹೇಳಿದ ಮೇಲೆ ಕಟ್ಟೆಯಲ್ಲಿ ಜಾಗ ಇರುತ್ತಿರಲಿಲ್ಲ. ಖಾಲಿ ಕಟ್ಟೆ ಕಣ್ಣೆದುರಿಗೇ ಇದ್ದರೂ ಇರುತ್ತಿರಲಿಲ್ಲ. ಎಂಟನೆಯದು ಚನಬಸಪ್ಪ ಕಾಕಾನ ಅಂಗಡಿ. ಮೂರು ಬಾಗಿಲಿನದು, ಸಾಲಿನಲ್ಲೇ ದೊಡ್ಡದು. ಆಗ ಅವನಿಗೆ ಐವತ್ತರ ಹತ್ತಿರ. ಬಿಳಿ ಧೋತರ, ಬಿಳಿ ರುಮಾಲು, ಕಿವಿಯ ಸಂದಿಯಲ್ಲೊಂದು ಪೆನ್ಸಿಲು.

“ಹೆಸರೇನಪಾ?”

“ಭೀಮಪ್ಪ್ರಿ.”

“ಯಾವೂರು?”

“ಘೋಣಸಗಿ ರೀ.”

ಮೂರನೆಯದಕ್ಕೆ ನಾನು ಕಾದೆ. ಅವನು ಕೇಳಲಿಲ್ಲ. “ಮಷಿನ್ ತಂದೀಯೇನು? ಬಲಗಡಿ ಮೂಲ್ಯಾಗ ಇಡು. ಅಲ್ಲಿ ಬಿಸಲ ಬೀಳೂದಿಲ್ಲ,” ಎಂದ.

ಅಂಗಡಿಯೊಳಗೆ ಭೂತನಾಳ ಕೆರೆಯ ನೀರು ತುಂಬಿದ ಒಂದು ಕೊಡ ಇರುತ್ತಿತ್ತು. ಅದರಲ್ಲಿ ನಾನೇ ಕೈಯಾರೆ ಮೊಗೆದು ಕುಡಿಯಬಹುದಿತ್ತು. ಐದು ವರ್ಷ ಕುಡಿದೆ. ಮುಂದೆ ಏನೇ ಬರೆದರೂ ಇದೂ ನಿಜ. ಅದಕ್ಕೇ ಮೊದಲು ಬರೆದಿದ್ದೇನೆ.

ಆ ಸಾಲಿನಲ್ಲಿ ಹನ್ನೊಂದು ಅಂಗಡಿಗಳಿದ್ದವು. ಚನಬಸಪ್ಪ ಕಾಕಾನಲ್ಲಿ ಧೋತರ, ಸೀರೆ, ಅಂಗಿ ಬಟ್ಟೆ. ಎದುರು ಬದಿಯಲ್ಲಿ ಗೌಸಸಾಬ. ಲುಂಗಿ, ರುಮಾಲು, ಕಂಬಳಿ ಮಾರುತ್ತಿದ್ದ, ಬಾಯಿ ತೆರೆದರೆ ಚೇಷ್ಟೆ. ಅವನ ಮಗ್ಗುಲಲ್ಲಿ ಒಂದೇ ಬಾಗಿಲಿನ, ಕುಬಸದ ಕಣದ, ಎಂದರೆ ರವಿಕೆ ಬಟ್ಟೆಯ ಅಂಗಡಿ ನೀಲವ್ವನದು. ಅವಳು ಬಬಲೇಶ್ವರದ ಹೆಣ್ಣುಮಗಳು, ನನಗಿಂತ ಮೂರು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಅವನ ಅಂಗಡಿಯಲ್ಲಿ ತಾನೇ ಕೂತಳು.

ಗಜದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಅಂಗಡಿಯಲ್ಲೂ ಬಟ್ಟೆ ಅಳೆಯುವ ಕಬ್ಬಿಣದ ಗಜವೊಂದು ಇತ್ತು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಅದನ್ನು ಕಟ್ಟೆಯ ಅಂಚಿಗೆ ಅಡ್ಡ ಮಲಗಿಸುತ್ತಿದ್ದರು. ಬೋಣಿಗೆ, ಎಂದರೆ ದಿನದ ಮೊದಲ ವ್ಯಾಪಾರ ಆದ ಮೇಲೆ ಎತ್ತಿ ಗೋಡೆಗೆ ನಿಲ್ಲಿಸುತ್ತಿದ್ದರು. ಗಜ ನಿಂತ ಅಂಗಡಿಗೆ ಮತ್ತೊಬ್ಬ ಗಿರಾಕಿ ಬಂದರೆ, ಅಂಗಡಿಯವನು ಒಮ್ಮೆ ಓಣಿಯ ಉದ್ದಕ್ಕೂ ಕಣ್ಣು ಹಾಯಿಸಬೇಕು. ಯಾರದಾದರೂ ಗಜ ಇನ್ನೂ ಮಲಗಿದ್ದರೆ ಗಿರಾಕಿಯನ್ನು ಮೊದಲು ಅಲ್ಲಿಗೆ ಕಳಿಸಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ.

ಹೊನವಾಡದಿಂದ ಮದುವೆಯ ಜವಳಿಗೆ ಬಂದ ಒಬ್ಬ ರೈತ ಒಮ್ಮೆ ಸಿಟ್ಟಿಗೆದ್ದಿದ್ದ. “ಇದೇನ್ರಿ ಸಾಬರ, ರೊಕ್ಕಾ ಕೊಡ್ತೀನಂದ್ರೂ ಅರಿವಿ ಕೊಡವಲ್ರಿ?”

“ಕೊಡ್ತೀವ್ರಿ ಗೌಡ್ರ,” ಎಂದ ಗೌಸಸಾಬ, “ಮೊದ್ಲ ಆ ನೀಲವ್ವನ ಗಜ ಎಬ್ಬಿಸಿ ಬರ್ರಿ. ಮುಂಜಾನಿಂದ ಮಲಗೈತಿ, ಜಡ್ಡ ಗಿಡ್ಡ ಬಂದೈತೋ ಏನೋ.”

“ಜಡ್ಡ ನಿನ್ನ ಕಂಬಳಿಗೆ ಬರ್ಲಿ,” ಎಂದು ನೀಲವ್ವ ಒಳಗಿನಿಂದಲೇ ಕೂಗಿದಳು. ರೈತ ನಗುತ್ತ ಹೋಗಿ ಅವಳಲ್ಲಿ ನಾಲ್ಕು ಕಣ ಹರಿಸಿಕೊಂಡು ಬಂದ.

ಮೀಟರ್ ಬಂದಾಗ ಗಜದಲ್ಲಿ ಅಳೆಯಬಾರದು ಎಂದಾಯಿತು. ಎಲ್ಲರೂ ಮೀಟರ್ ಪಟ್ಟಿ ತಂದರು. ಗಜವನ್ನು ಮಾತ್ರ ಯಾರೂ ಬಿಸಾಡಲಿಲ್ಲ. ಅದಕ್ಕೆ ಅಳೆಯುವ ಕೆಲಸ ಹೋಯಿತು. ಮಲಗುವ, ಏಳುವ ಕೆಲಸ ಉಳಿಯಿತು.

೧೯೬೪ರ ಬೇಸಿಗೆಯಲ್ಲಿ ಓಣಿಯ ಮೋರೆ ಬದಲಾಗತೊಡಗಿತು. ಡಾಂಬರು ಬಂತು. ಟಾಂಗಾ ನಿಲ್ಲುವ ಜಾಗವನ್ನು ಹಿಂದಿನ ಓಣಿಗೆ ಅಟ್ಟಿದರು. ಕಂಬಗಳಿಗೆ ಟ್ಯೂಬ್ ದೀಪ ಹಾಕಿದರು. ಚಹಾದ ಗೂಡಂಗಡಿ ಇದ್ದಲ್ಲಿ ಫೋಟೋ ಸ್ಟುಡಿಯೋ ಆಯಿತು, ಅದರ ಪಕ್ಕಕ್ಕೆ ಬ್ಯಾಂಕು. ಊರ ಹೊರಗೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಆಫೀಸರರ ಮನೆಯವರು ಸಂಜೆ ತಿರುಗಾಡಲು ಬರತೊಡಗಿದರು. ಅವರು ಕಟ್ಟೆಯ ಮೇಲೆ ಕೂತು ಥಾನು ಬಿಚ್ಚಿಸಿ ಚೌಕಾಸಿ ಮಾಡುತ್ತಿರಲಿಲ್ಲ. ನಿಂತೇ ನೋಡಿ ಹೋಗುತ್ತಿದ್ದರು. ಕಟ್ಟಡದ ಮಾಲೀಕರು ಹಲಗೆ ಬಾಗಿಲು ಕಿತ್ತು ಶಟರ್ ಹಾಕಿಸಿ ಬಾಡಿಗೆ ಏರಿಸಿದರು. ಸ್ವಂತ ಕಟ್ಟಡ ಇದ್ದದ್ದು ಚನಬಸಪ್ಪ ಕಾಕಾನಿಗೆ ಮಾತ್ರ.

ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಕಪ್ಪು ಕನ್ನಡಕದ ಒಬ್ಬ ಮನುಷ್ಯ ಓಣಿಯಲ್ಲಿ ತಿರುಗತೊಡಗಿದ. ಬೇರೆ ಬೇರೆ ಊರುಗಳಲ್ಲಿ ಬಟ್ಟೆ ಅಂಗಡಿಗಳಿದ್ದ ಒಂದು ಕಂಪನಿಯ ಏಜೆಂಟ. ಆ ಕಂಪನಿಯ ಹೆಸರು ಬರೆಯುವುದಿಲ್ಲ. ಅದರ ಬೋರ್ಡಿನ ಮೇಲೆ ದೊಡ್ಡದಾಗಿ ‘ಒಂದೇ ದರ’ ಎಂದಿರುತ್ತಿತ್ತು, ನಾವು ಹಾಗೆಯೇ ಕರೆಯುತ್ತಿದ್ದೆವು. ಗಿರಣಿಯಿಂದ ನೇರ ಬಟ್ಟೆ ತಂದು ನಮ್ಮವರು ಕೊಳ್ಳುವ ದರಕ್ಕಿಂತ ಕಡಿಮೆಗೆ ಮಾರುತ್ತಾರೆ, ಅವರು ಬಂದ ಊರಿನಲ್ಲಿ ಸಣ್ಣ ಅಂಗಡಿಗಳು ವರ್ಷ ತಡೆಯುವುದಿಲ್ಲ ಎಂದು ಸೊಲ್ಲಾಪುರದಿಂದ ಬಂದವರು ಹೇಳುತ್ತಿದ್ದರು. ಏಜೆಂಟ ಒಂದೊಂದೇ ಅಂಗಡಿಗೆ ಹೋಗಿ ಜಾಗ ಕೇಳಿದ.

ಆಷಾಢದ ಒಂದು ಸಂಜೆ ಹನ್ನೊಂದೂ ಅಂಗಡಿಯವರು ಚನಬಸಪ್ಪ ಕಾಕಾನ ಕಟ್ಟೆಯ ಮೇಲೆ ಕೂಡಿದರು. ಗಾಳಿ ಜೋರಾಗಿತ್ತು, ಮಾತಿಗೊಮ್ಮೆ ಎಲ್ಲರೂ ಕಣ್ಣಿನ ಮಣ್ಣು ಒರೆಸಿಕೊಳ್ಳುತ್ತಿದ್ದರು. ಮೊದಲು ಮಾತಾಡಿದವನು ಅವನೇ.

“ಅವರು ಏನ ಮಾಡಿದ್ರೂ ಕಾಲ ಊರಾಕ ಜಾಗಾ ಬೇಕಲಾ? ಈ ಸಾಲಿನಾಗ ಒಬ್ರೂ ಜಾಗಾ ಬಿಡಬಾರ್ದು. ಇಷ್ಟ ಒಂದ ನಡಸ್ರಿ, ಉಳದದ್ದು ನಾ ನೋಡಿಕೋತೀನಿ.”

ಅವನ ಗಜವನ್ನು ನಡುವೆ ಇಟ್ಟರು. ಒಬ್ಬೊಬ್ಬರೇ ಮುಟ್ಟಿ ಆಣೆ ಮಾಡಿದರು. ನಾನು ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದೆ.

“ನೀನೂ ಮುಟ್ಟಪಾ ಭೀಮಪ್ಪ,” ಎಂದ ಕಾಕಾ. “ನೀನೂ ಈ ಸಾಲಿನಾಂವನ.”

ಎಲ್ಲರೂ ಸ್ವಲ್ಪ ಸರಿದು ದಾರಿ ಬಿಟ್ಟರು. ನಾನು ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಹೋಗಿ ಮುಟ್ಟಿದೆ. ಕಬ್ಬಿಣ ಬೆಚ್ಚಗಿತ್ತು, ಅಷ್ಟು ಕೈಗಳು ಮುಟ್ಟಿದ್ದವು. ನನ್ನನ್ನು ಆ ಸಾಲಿನವನು ಎಂದು ಯಾರಾದರೂ ಕರೆದದ್ದು ಅದೇ ಮೊದಲು.

ಶ್ರಾವಣದ ಎರಡನೆಯ ವಾರ, ಊಟ ಮುಗಿದ ಹೊತ್ತು. ಓಣಿಯಲ್ಲಿ ಗಿರಾಕಿ ಇರಲಿಲ್ಲ. ಚನಬಸಪ್ಪ ಕಾಕಾ ಒಂದು ನೀಲಿ ಬಟ್ಟೆಯ ಥಾನನ್ನು ಹೊರಗೆ ತಂದ. ಅವನ ಹಿಂದೆ ಮಗ ಶಿವಾನಂದ. ನನಗಿಂತ ಒಂದೆರಡು ವರ್ಷ ಚಿಕ್ಕವನು, ಕಾಲೇಜು ಮುಗಿಸಿ ಅಂಗಡಿಯಲ್ಲಿ ಕೂರಲು ಮನಸ್ಸಿಲ್ಲದೆ ತಿರುಗಾಡಿಕೊಂಡಿದ್ದ.

“ಹುಬ್ಬಳ್ಳಿ ಕಡೆ ನನ್ನ ದೋಸ್ತಂದು ಒಂದು ನಾಟಕ ಕಂಪನಿ ಐತಿ,” ಎಂದ ಕಾಕಾ. “ದಸರಾಕ ಹೊಸಾ ಪಡದಿ ಬೇಕಂತ. ಹನ್ನೆರಡು ಅಂಗಿನೂ ಬೇಕು, ಬಿಳೀವು, ಕಾಲರ ಮಾತ್ರ ನೀಲಿ. ಟಿಕೀಟ ಹರಿಯವರಿಗೆ.”

ಆರೂ ಕಾಲು ಮೀಟರ್ ಅಗಲ ಎಂದ. ಟೇಪಿನ ಒಂದು ತುದಿಯನ್ನು ನಾನು ಹಿಡಿದೆ, ಇನ್ನೊಂದು ತುದಿಯನ್ನು ಶಿವಾನಂದ.

“ಯಾವ ನಾಟಕ ಆಡ್ತಾರಂತಪಾ ಶಿವಾನಂದ?” ಎಂದು ಕೇಳಿದೆ.

ಅವನು ಟೇಪನ್ನೇ ನೋಡುತ್ತಿದ್ದ. “ಗೊತ್ತಿಲ್ಲ,” ಎಂದು ತುದಿ ಬಿಟ್ಟು ಒಳಗೆ ಹೋದ.

ಐದು ವರ್ಷ ಆ ಕಟ್ಟೆಯ ಮೇಲೆ ಕೂತವನು ನಾನು. ಅಂಗಡಿಯ ಮುಂಭಾಗ ಮೂರು ಬಾಗಿಲು ಸೇರಿ ಆರೂ ಕಾಲು ಮೀಟರ್ ಎಂಬುದು ನನಗೆ ಹೊಳೆಯಲಿಲ್ಲ. ನಾನು ಅಳೆಯುತ್ತಿದ್ದದ್ದು ಮನುಷ್ಯರ ಎದೆ, ಸೊಂಟ, ತೋಳು. ಗೋಡೆಯನ್ನು ಎಂದೂ ಅಳೆದಿರಲಿಲ್ಲ. ತಪ್ಪು ಎಂದರೆ ಅದೊಂದು ತಪ್ಪು ನನ್ನದು.

ಎಂಟು ದಿನ ಹೊಲಿದೆ, ಎಲ್ಲರ ಕಣ್ಣೆದುರಿಗೆ. ಬಟ್ಟೆ ಕಟ್ಟೆಯಲ್ಲಿ ಹಿಡಿಸದೆ ರಸ್ತೆಗೆ ಇಳಿಯುತ್ತಿತ್ತು.

“ಲೇ ಟೇಲರ, ಗುಮ್ಮಟಕ್ಕ ಅಂಗಿ ಹೊಲ್ಯಾಕತ್ತೀಯೇನ?” ಎಂದು ಗೌಸಸಾಬ ಎದುರಿನಿಂದ ಕೂಗುವನು. “ತೋಳ ಮರೀಬ್ಯಾಡ, ನಾಕ ಮಿನಾರ ಅದಾವ.”

ಮಡಿಚುವಾಗ ನೀಲವ್ವ ಬಂದು ಇನ್ನೊಂದು ಅಂಚು ಹಿಡಿದಳು. “ಎಷ್ಟ ಚಂದ ಹೊಲದೀಯೋ ತಮ್ಮಾ. ನಾಟಕ ಬಿದ್ರೂ ಪಡದಿ ಗೆಲ್ತೈತಿ ನೋಡು,” ಎಂದಳು.

ದೊಡ್ಡ ಕೆಲಸ ಮುಗಿಸಿದಾಗ ಬಲಗಡೆಯ ಕೆಳಮೂಲೆಯಲ್ಲಿ ಕೆಂಪು ದಾರದಿಂದ ಮೂರು ಹೊಲಿಗೆ ಹಾಕು ಎಂದು ಮಾವ ಕಲಿಸಿದ್ದ. ಅದು ನಮ್ಮ ಗುರುತು. ಹಾಕಿದೆ. ನೀಲಿಯ ಮೇಲೆ ಅದು ಎದ್ದು ಕಾಣುತ್ತಿತ್ತು.

ಪಿತೃಪಕ್ಷ ಬಂತು. ಆ ಹದಿನೈದು ದಿನ ಹೊಸ ಬಟ್ಟೆ ಕೊಳ್ಳುವವರು ಕಡಿಮೆ. ಅಂಗಡಿಯವರು ಗೋಡೆಗೆ ಸುಣ್ಣ ಹಚ್ಚಿಸುವ ಕಾಲ. ಚನಬಸಪ್ಪ ಕಾಕಾನೂ ಅಂಗಡಿಯ ಮುಂದೆ ಗೋಣಿತಟ್ಟು ಕಟ್ಟಿಸಿದ. “ಈ ಸಲ ಗ್ವಾಡಿ ಗಿಲಾವ ಪೂರಾ ಕೆದರಿ ಹೊಸದಾಗಿ ಮಾಡಸ್ತೀನಿ. ದಸರಾತನ ನೀಲವ್ವನ ಕಡೆ ಕೂಡಪಾ,” ಎಂದ. ನೀಲವ್ವ ತನ್ನ ಹೊಸ್ತಿಲ ಪಕ್ಕ ಜಾಗ ಮಾಡಿಕೊಟ್ಟಳು. ಮಧ್ಯಾಹ್ನ ಅವಳು ತಂದ ರೊಟ್ಟಿಯಲ್ಲಿ ನನಗೂ ಕೊಡುತ್ತಿದ್ದಳು. ಗೋಣಿತಟ್ಟಿನ ಹಿಂದೆ ಬಡಿಯುವ ಸದ್ದು ಕೇಳುತ್ತಿತ್ತು. ಬಡಿಗರು ಊರಿನವರಲ್ಲ. ಸುಣ್ಣಕ್ಕೆ ಬಡಿಗರು ಯಾಕೆ ಎಂದು ಯಾರೂ ಕೇಳಲಿಲ್ಲ. ಕಾಕಾನ ಅಂಗಡಿಯಲ್ಲಿ ಹಾಗೆ ಕೇಳುವ ರೂಢಿ ಇರಲಿಲ್ಲ.

ಖಂಡೇಪೂಜೆಯ, ಎಂದರೆ ಆಯುಧಪೂಜೆಯ ದಿನ ಅವನು ಗಜ ಹಿಡಿದುಕೊಂಡು ನೀಲವ್ವನ ಅಂಗಡಿಗೆ ಬಂದ. ಪ್ರತಿ ವರ್ಷ ಅವನ ಗಜಕ್ಕೂ ನನ್ನ ಕತ್ತರಿಗೂ ಒಟ್ಟಿಗೇ ಪೂಜೆ ಆಗುತ್ತಿತ್ತು. ಆ ವರ್ಷವೂ ಆಯಿತು. “ನಿನ್ನ ಕತ್ತರಿ ಚಲೋ ನಡೀಲಿ,” ಎಂದು ಕುಂಕುಮ ಹಚ್ಚಿದ. ಆಗ ಅವನ ಮುಖ ಹೇಗಿತ್ತು ಎಂದು ನನ್ನನ್ನು ಕೇಳಿದರೆ ಹೇಳಲಾರೆ. ನಾನು ಕತ್ತರಿಯನ್ನು ನೋಡುತ್ತಿದ್ದೆ.

ಮರುದಿನ ವಿಜಯದಶಮಿ. ನಾನು ಬರುವಷ್ಟರಲ್ಲಿ ಗೋಣಿತಟ್ಟು ತೆಗೆದಿದ್ದರು. ಅದರ ಜಾಗದಲ್ಲಿ ಮೇಲಿನಿಂದ ನೆಲದವರೆಗೆ ನೀಲಿ ಪಡದೆ. ಮುಂದೆ ಬ್ಯಾಂಡಿನವರು, ಹಬ್ಬಕ್ಕೆ ಬಸ್ಸಿನಲ್ಲಿ ಬಂದ ತಿಕೋಟಾ, ಬಬಲೇಶ್ವರದ ಜನ. ನಮ್ಮ ಸಾಲಿನವರು ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತಿದ್ದರು. ಕಾಕಾ ಅಂಗಡಿ ಹೊಸದು ಮಾಡಿದ್ದಾನೆ, ಹಬ್ಬಕ್ಕೆ ತೆರೆಯುತ್ತಾನೆ ಎಂದೇ ಎಲ್ಲರೂ ತಿಳಿದಿದ್ದರು.

ನನ್ನ ಕಣ್ಣು ಬಲಗಡೆಯ ಕೆಳಮೂಲೆಗೆ ಹೋಯಿತು. ಮೂರು ಕೆಂಪು ಹೊಲಿಗೆ.

“ಅಯ್ಯ, ಅದು ನಾ ಹೊಲದದ್ದು!” ಎಂದೆ.

ಇದನ್ನು ಸರಿಯಾಗಿ ಬರೆಯಬೇಕು. ಆ ಮಾತು ಬಾಯಿಂದ ಬಂದಾಗ ನನ್ನ ದನಿಯಲ್ಲಿ ಸಂತೋಷವಿತ್ತು. ತಾನು ಮಾಡಿದ ಕೆಲಸವನ್ನು ಅಷ್ಟು ಜನರ ನಡುವೆ ಎತ್ತರದಲ್ಲಿ ಕಂಡ ಟೇಲರನ ಸಂತೋಷ. ಒಂದು ಉಸಿರಿನಷ್ಟು ಹೊತ್ತು. ಹುಬ್ಬಳ್ಳಿಯ ನಾಟಕ ಕಂಪನಿಯ ಪಡದೆ ಇಲ್ಲಿ ಯಾಕೆ ಎಂಬುದು ಹೊಳೆದದ್ದು ಅದರ ಮುಂದಿನ ಉಸಿರಿನಲ್ಲಿ. ಅಷ್ಟರಲ್ಲಿ ನೀಲವ್ವ ನನ್ನ ಮಾತು ಕೇಳಿ ತಿರುಗಿದ್ದಳು, ಆಚೆ ಕಟ್ಟೆಯ ಗೌಸಸಾಬನೂ ತಿರುಗಿದ್ದ. ಅಷ್ಟರಲ್ಲಿ ಪಡದೆಯೂ ಬಿತ್ತು.

ಒಳಗೆ ಹಗಲಿನಲ್ಲೇ ಟ್ಯೂಬ್ ದೀಪಗಳು. ಗಾಜಿನ ಕಪಾಟು. ಮೇಲೆ ಬೋರ್ಡು: ‘ಒಂದೇ ದರ’. ಹನ್ನೆರಡು ಜನ ಬಿಳಿ ಅಂಗಿ, ನೀಲಿ ಕಾಲರಿನಲ್ಲಿ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಅಂಗಿಯ ತೋಳನ್ನೂ ನಾನೇ ಹಚ್ಚಿದ್ದೆ. ಮೊದಲನೆಯವನು ಶಿವಾನಂದ. ಅವನ ಪಕ್ಕದಲ್ಲಿ, ಕೊರಳಲ್ಲಿ ಹಾರ ಹಾಕಿಕೊಂಡು, ಚನಬಸಪ್ಪ ಕಾಕಾ. ಕಟ್ಟೆ ಇರಲಿಲ್ಲ. ಅದರ ಜಾಗದಲ್ಲಿ ಸಿಮೆಂಟಿನ ಮೂರು ಮೆಟ್ಟಿಲು.

ಅವನು ಬನ್ನಿ ಎಲೆ ಹಿಡಿದುಕೊಂಡು ರಸ್ತೆ ದಾಟಿ ನಮ್ಮ ಬದಿಗೆ ಬಂದ. ದಸರೆಯ ದಿನ ಚಿಕ್ಕವರು ದೊಡ್ಡವರಿಗೆ ಕೊಡಬೇಕು. ಅವನು ತಾನೇ ಬಂದ. “ಬಂಗಾರ ತೊಗೊರಿ. ಬಂಗಾರದಂಗ ಇರೂಣು,” ಎಂದ. ಗೌಸಸಾಬ ಪ್ರತಿ ವರ್ಷ ಬನ್ನಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವನು, ಅಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನೀಲವ್ವ ಕೈ ಚಾಚಲಿಲ್ಲ, ಎಲೆ ಅವಳ ಕಾಲ ಹತ್ತಿರ ಬಿತ್ತು. ಆಮೇಲೆ ನನ್ನ ಮುಂದೆ ಬಂದು ನಿಂತ. ನಾನು ತೆಗೆದುಕೊಂಡೆ. ಹಿರಿಯರು ಬನ್ನಿ ಕೊಟ್ಟಾಗ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಅದನ್ನೂ ಸಾಲು ನೋಡಿತು.

ಅವನು ಹೋದ ಮೇಲೆ ನೀಲವ್ವ ಮೆಲ್ಲಗೆ ಕೇಳಿದಳು: “ಇಷ್ಟ ದಿನ ನನ್ನ ಹೊಸ್ತಲದಾಗ ಕುಂತು ನನ್ನ ರೊಟ್ಟಿ ತಿಂದಿ. ಒಂದ ಮಾತ ಹೇಳಬಾರ್ದೇನೋ?”

“ನನಗ ಗೊತ್ತಿರಲಿಲ್ಲಕ್ಕ. ನಾಟಕದ್ದಂತ ಹೇಳಿದ್ರು.”

“ನಿನ್ನ ಹೊಲಿಗಿ ನೀನ ಗುರ್ತ ಹಿಡದಿ. ಹಿಗ್ಗಿ ಹೇಳಿದಿ. ಈಗ ಗೊತ್ತಿರಲಿಲ್ಲ ಅಂತಿ.”

“ಆಣಿಗೂ ಗೊತ್ತಿರಲಿಲ್ಲ.”

“ಆಣಿ?” ಎಂದಳು. “ಆಣಿ ಮಾತ ಬ್ಯಾಡಪಾ ಇನ್ನ.” ನನ್ನ ಬಾಬಿನ್ ಡಬ್ಬಿಯನ್ನು ಎತ್ತಿ ಮಷಿನ್ ಮೇಲಿಟ್ಟಳು. ಹೊರಡು ಎಂದು ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ವಾರ ‘ಒಂದೇ ದರ’ದಲ್ಲಿ ಯಾವ ಸೀರೆ ಕೊಂಡರೂ ಕುಬಸದ ಕಣ ಪುಕ್ಕಟೆ. ನೀಲವ್ವ ಮಾರುತ್ತಿದ್ದದ್ದು ಕಣವೊಂದನ್ನೇ. ದೀಪಾವಳಿಯ ಹೊತ್ತಿಗೆ ಗಜಗಳು ಮಧ್ಯಾಹ್ನದವರೆಗೂ ಮಲಗಿರುತ್ತಿದ್ದವು. ಯಾರು ಯಾರ ಕಡೆಗೆ ಗಿರಾಕಿಯನ್ನು ಕಳಿಸಬೇಕು? ನಿಂತ ಗಜವೇ ಇರಲಿಲ್ಲ. ಗೌಸಸಾಬನ ಚೇಷ್ಟೆಯೂ ನಿಂತಿತ್ತು. ಬೆಳಗ್ಗೆ ಗಜ ಮಲಗಿಸಿ, ಸಂಜೆ ಅದನ್ನು ಹಾಗೆಯೇ ಎತ್ತಿ ಒಳಗಿಡುತ್ತಿದ್ದ.

ನಾನು ಮತ್ತೆ ಕಟ್ಟೆ ಕೇಳುತ್ತ ಸಾಲಿನಲ್ಲಿ ನಡೆದೆ. ಈ ಸಲ ಯಾರೂ ಮೂರು ಪ್ರಶ್ನೆ ಕೇಳಲಿಲ್ಲ. ಒಂದನ್ನೂ ಕೇಳಲಿಲ್ಲ.

ದೀಪಾವಳಿಗೆ ಎರಡು ದಿನ ಇರುವಾಗ ಆ ಸಿಮೆಂಟಿನ ಮೆಟ್ಟಿಲು ಹತ್ತಿದೆ.

“ಕಾಕಾ, ನನ್ನ ಕಟ್ಟಿ?”

“ಕಂಪನಿಯವರ ಪ್ಲಾನಿನಾಗ ಕಟ್ಟಿ ಇಲ್ಲಪಾ,” ಎಂದ. ದನಿ ಮೊದಲಿನಂತೆಯೇ ಮೆತ್ತಗಿತ್ತು. “ಹಿಂದಿನ ಖೋಲ್ಯಾಗ ಕೂಡು. ಅಂಗಿ ಸಣ್ಣದು ದೊಡ್ಡದು ಮಾಡೂ ಕೆಲಸ ಇರತೈತಿ. ತಿಂಗಳಾ ಪಗಾರ. ನಿನಗೂ ಒಂದು ನೀಲಿ ಕಾಲರ ಅಂಗಿ ಕೊಡಸ್ತೀನಿ.”

ಆ ಕೆಲಸ ಬೇಡ ಎಂದೆ. ಆ ಅಂಗಿ ಹಾಕಿಕೊಂಡು ಒಂದು ದಿನ ಹೊರಗೆ ಬಂದರೂ ಸಾಲಿನವರು ಅಂದುಕೊಂಡದ್ದೇ ಖರೆಯಾಗುತ್ತಿತ್ತು. “ಒಂದ ಕೆಲಸ ಮಾಡ್ರಿ ಕಾಕಾ. ಭೀಮಪ್ಪಗ ಗೊತ್ತಿರಲಿಲ್ಲ, ನಾನ ನಾಟಕದ್ದಂತ ಸುಳ್ಳ ಹೇಳಿದ್ದೆ ಅಂತ ಅವರಿಗೆ ಒಂದ ಮಾತ ಹೇಳ್ರಿ. ಮತ್ತೇನೂ ಬ್ಯಾಡ. ಯಾರರ ಕಟ್ಟಿ ಕೊಡ್ತಾರ.”

ಅವನು ಕಿವಿಯ ಪೆನ್ಸಿಲನ್ನು ತೆಗೆದು ನೋಡಿ ಮತ್ತೆ ಸಿಕ್ಕಿಸಿಕೊಂಡ. ಕಪಾಟಿನ ಹತ್ತಿರ ನಿಂತಿದ್ದ ಶಿವಾನಂದ ಬೇರೆ ಕಡೆ ನೋಡಿದ.

“ಹೇಳ್ತೀನಿ,” ಎಂದ ಕಾಕಾ. “ದೀಪಾವಳಿ ಮುಗೀಲಿ.”

ದೀಪಾವಳಿ ಮುಗಿಯಿತು. ಛಟ್ಟಿ ಅಮಾಸಿ ಬಂದು ಹೋಯಿತು. ಸಂಕ್ರಾಂತಿಯವರೆಗೆ ಕಾದೆ. ಆಮೇಲೆ ಮಷಿನ್ ಹೊತ್ತುಕೊಂಡು ತಿಕೋಟಾಕ್ಕೆ ಬಂದೆ. ಬಸ್ ನಿಲ್ಲುವ ಕಡೆ ಒಂದು ಬೇವಿನ ಮರ ಇತ್ತು, ಅದರ ಕೆಳಗೆ ಕೂತೆ. ಮರ ಏನನ್ನೂ ಕೇಳುವುದಿಲ್ಲ. ಅಲ್ಲಿಂದಲೇ ನನ್ನ ಸಂಸಾರ ನಡೆಯಿತು.

ಗೌಸಸಾಬ ಮರುವರ್ಷ ಅಂಗಡಿ ಬಿಟ್ಟು ಸಂತೆಯಿಂದ ಸಂತೆಗೆ ಕಂಬಳಿ ಹೊತ್ತು ಮಾರಿದ. ನೀಲವ್ವ ಬಬಲೇಶ್ವರಕ್ಕೆ ಹೋಗಿ ಮನೆಯಲ್ಲೇ ಕಣ ಇಟ್ಟುಕೊಂಡು ಕೂತಳು. ‘ಒಂದೇ ದರ’ವೂ ಬಹಳ ವರ್ಷ ಉಳಿಯಲಿಲ್ಲ; ಓಣಿ ಖಾಲಿಯಾದ ಮೇಲೆ ದರ ಏರಿಸಿತು, ಆಮೇಲೆ ಬೇರೆ ಯಾರಿಗೋ ಜಾಗ ಬಿಟ್ಟು ಹೋಯಿತು. ಚನಬಸಪ್ಪ ಕಾಕಾ ಯಾಕೆ ಹಾಗೆ ಮಾಡಿದ? ಮಗನಿಗೆ ಮ್ಯಾನೇಜರ್ ಕುರ್ಚಿ ಸಿಕ್ಕಿತು ಎನ್ನುವವರಿದ್ದಾರೆ. ಏಜೆಂಟನಿಗೆ ಜ್ಯೇಷ್ಠದಲ್ಲೇ ಮಾತು ಕೊಟ್ಟಿದ್ದ, ಆಷಾಢದ ಆಣೆ ಉಳಿದವರು ಜಾಗ ಕೊಡದಂತೆ ತಡೆಯಲು ಮಾಡಿಸಿದ್ದು ಎನ್ನುವವರೂ ಇದ್ದಾರೆ. ನಾನು ನೋಡದ್ದನ್ನು ಬರೆಯುವುದಿಲ್ಲ. ಅವನು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಒಂದು ಹಿಡಿ ಮಣ್ಣು ಹಾಕಿದೆ. ಹಾಕುವಾಗ, ಇನ್ನು ಇವನು ಹೇಳುವುದಿಲ್ಲ ಎಂದಷ್ಟೇ ಅನಿಸಿತು.

ಕನ್ನಡಕ ತಂದ ವಾರದಲ್ಲೇ ಬಬಲೇಶ್ವರಕ್ಕೆ ಹೋದೆ. ನೀಲವ್ವ ಪಡಸಾಲೆಯಲ್ಲಿ ಕೂತು ಅಕ್ಕಡಿ ಕಾಳು ಹಸನು ಮಾಡುತ್ತಿದ್ದಳು. ಬೆನ್ನು ಬಾಗಿದೆ, ಕಣ್ಣು ಚೆನ್ನಾಗಿದೆ. ಆದರೂ ಮೊದಲು ನನ್ನ ಗುರುತು ಸಿಗಲಿಲ್ಲ.

“ನಾ ಟೇಲರ ಭೀಮಪ್ಪ, ಅಕ್ಕ. ಘೋಣಸಗಿಯಾಂವ.”

ಕೈ ನಿಂತಿತು. “ಕೂಡು,” ಎಂದಳು. ಕೂತೆ. ಆಮೇಲೆ ನಾನು ಅರವತ್ತು ವರ್ಷದ ಹಿಂದೆ ಹೇಳಿದ್ದನ್ನೇ ಮತ್ತೆ ಹೇಳಿದೆ: ನನಗೆ ಗೊತ್ತಿರಲಿಲ್ಲ.

“ಗೊತ್ತೈತಿ,” ಎಂದಳು.

“ಯಾವಾಗ ಗೊತ್ತಾತು?”

“ಅವತ್ತ ಸಂಜೀಕ. ಮನಿಗೆ ಹೋಗಿ ಕುಂತ ಮ್ಯಾಲ. ಗೊತ್ತಿದ್ದಾಂವ ಹಂಗ ಹಿಗ್ಗಿ ಒದರತಾನೇನು? ಸುಮ್ನ ನಿಂದರತಾನ.” ಕಾಳಿನ ಮೊರವನ್ನು ಬದಿಗಿಟ್ಟಳು. “ಗೌಸಸಾಬನೂ ಅದನ್ನ ಅಂದ. ಎಲ್ಲಾರಿಗೂ ಗೊತ್ತಿತ್ತೋ ತಮ್ಮಾ.”

“ಮತ್ತ ಯಾಕ ಯಾರೂ...”

“ಸಿಟ್ಟ ಬಂದಿತ್ತು. ಚನಬಸಪ್ಪಗ ಬೈಯೂ ಧೈರ್ಯ ನಮ್ಮ ಒಬ್ರಿಗೂ ಇರಲಿಲ್ಲ. ಅವನ ಕಡೆ ಎಲ್ಲಾರದೂ ಒಂದಲ್ಲಾ ಒಂದು ಕೆಲಸ ಇತ್ತು. ನಿನಗ ಬೈದ್ರ ಕೇಳವ್ರು ಯಾರಿದ್ರು?” ಎಂದಳು. ಮತ್ತೆ ಮೊರ ಎಳೆದುಕೊಂಡಳು. “ಚಹಾ ಕುಡದು ಹೋಗು.”

ಕುಡಿದೆ. ಬರುವಾಗ ಬಾಗಿಲ ಹಿಂದೆ ಅವಳ ಗಜ ಗೋಡೆಗೆ ನಿಂತಿದ್ದನ್ನು ಕಂಡೆ. ತುಕ್ಕು ಹಿಡಿದಿತ್ತು. ಅರವತ್ತು ವರ್ಷ ನಾನು ನಂಬಿದ್ದು, ನಿಜ ಗೊತ್ತಿಲ್ಲದೆ ಸಾಲಿನವರು ನನ್ನನ್ನು ಬಿಟ್ಟರು ಎಂದು. ಬಸ್ಸಿನಲ್ಲಿ ಕೂತ ಮೇಲೆ ನಾನು ಹೆಗಲ ವಸ್ತ್ರವನ್ನು ಮೈತುಂಬ ಸುತ್ತಿಕೊಂಡದ್ದನ್ನು ಪಕ್ಕದವನು ನೋಡಿ, “ಥಂಡಿ ಐತೇನ್ರಿ ಅಜ್ಜ?” ಎಂದು ಕಿಟಕಿ ಮುಚ್ಚಿದ. ಚೈತ್ರದ ಬಿಸಿಲು.

ಆ ಬೆಳಗ್ಗೆ ಪಡದೆ ಬಿದ್ದದ್ದನ್ನು ಓಣಿ ತುಂಬ ಜನ ನೋಡಿದರು. ಹನ್ನೊಂದು ಅಂಗಡಿಯವರಲ್ಲಿ ಈಗ ಜೀವಂತ ಇರುವವಳು ಬಬಲೇಶ್ವರದ ನೀಲವ್ವ ಒಬ್ಬಳೇ. ಆದರೆ ಶ್ರಾವಣದ ಆ ಮಧ್ಯಾಹ್ನ ಕಟ್ಟೆಯ ಮೇಲೆ ನಾಟಕ ಕಂಪನಿ ಎಂಬ ಮಾತು ಬಂದಾಗ ಅಲ್ಲಿ ಇದ್ದವರು ಮೂವರು. ಹೇಳಿದವನು ಮಣ್ಣಾಗಿದ್ದಾನೆ. ಕೇಳಿ ನಂಬಿದವನು ನಾನು. ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದವನು ಚನಬಸಪ್ಪ ಕಾಕಾನ ಮಗ ಶಿವಾನಂದ. ಭೀಮಪ್ಪನಿಗೆ ಗೊತ್ತಿರಲಿಲ್ಲ ಎಂದು ಕಣ್ಣಾರೆ ಕಂಡು ಹೇಳಬಲ್ಲವನು ಇನ್ನು ಅವನೊಬ್ಬನೇ. ವಿಜಯಪುರದಲ್ಲೇ ಇದ್ದಾನೆ, ಹೊಸ ಬಡಾವಣೆಯ ಸ್ವಂತ ಮನೆಯಲ್ಲಿ. ದಿನಾ ಬೆಳಗ್ಗೆ ತಿರುಗಾಡಲು ಹೋಗುತ್ತಾನಂತೆ. ನೆನಪು ಗಟ್ಟಿಯಾಗಿದೆಯಂತೆ.